ಕಾಣದ ಕಣವನ್ನು ತೂಗಿದ ಯುಕಾವಾ

ಒಂದು ವಸ್ತುವನ್ನು ತೂಗಬೇಕಾದರೆ ಅದು ಮೊದಲು ಕೈಗೆ ಸಿಗಬೇಕು, ತಕ್ಕಡಿಯ ತಟ್ಟೆಯಲ್ಲಿ ಕೂರಬೇಕು. ಇದು ಲೋಕದ ಅನುಭವ. ಆದರೆ ಯಾರ ಕಣ್ಣಿಗೂ ಬೀಳದಿದ್ದ ಒಂದು ಕಣದ ದ್ರವ್ಯರಾಶಿ ಸುಮಾರು ಇಷ್ಟಿರಬೇಕೆಂದು 1934ರಲ್ಲಿ ಜಪಾನಿನ ತರುಣ ಅಧ್ಯಾಪಕರೊಬ್ಬರು ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಡಾಕ್ಟರೇಟ್ ಪದವಿ ಇನ್ನೂ ದೊರೆತಿರಲಿಲ್ಲ. ಸ್ವಂತ ಸಂಶೋಧನ ಲೇಖನವೊಂದೂ ಅಚ್ಚಾಗಿರಲಿಲ್ಲ. ತಾಯ್ನಾಡನ್ನು ಬಿಟ್ಟು ಹೊರಗೆ ಹೋದವರೂ ಅಲ್ಲ. ಅವರೇ ಹಿಡೆಕಿ ಯುಕಾವಾ.

ಹಿಡೆಕಿ ಹುಟ್ಟಿದ್ದು 1907ರ ಜನವರಿ 23ರಂದು, ಟೋಕಿಯೋ ನಗರದಲ್ಲಿ. ಹುಟ್ಟಿದ ಮನೆತನದ ಹೆಸರು ಒಗಾವಾ. ತಂದೆ ತಕುಜಿ ಒಗಾವಾ ಭೂವಿಜ್ಞಾನಿ. ಮರುವರ್ಷ ತಂದೆಗೆ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆತು, ಸಂಸಾರ ಆ ಪುರಾತನ ರಾಜಧಾನಿಗೆ ಬಂದು ನೆಲೆಸಿತು. ಮನೆಯ ತುಂಬ ಪುಸ್ತಕಗಳು. ಹುಡುಗ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ತಾತ ಅವನಿಗೆ ಪ್ರಾಚೀನ ಚೀನೀ ಗ್ರಂಥಗಳ ಪಾಠವನ್ನು ಆರಂಭಿಸಿದರು. ತಾತನ ಕೈಯಲ್ಲೊಂದು ಕಡ್ಡಿ. ಅದು ಒಂದೊಂದು ಅಕ್ಷರದ ಮೇಲೆ ನಿಂತಂತೆಲ್ಲ ಹುಡುಗ ಅದರ ಉಚ್ಚಾರಣೆಯನ್ನು ಹೇಳಬೇಕು. ಅರ್ಥದ ಗೊಡವೆ ಇಲ್ಲ. ನಮ್ಮ ಹಿರಿಯರು ಮಕ್ಕಳಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕ್ರಮವೂ ಇದೇ ಅಲ್ಲವೆ? ಎಳೆಯ ಹಿಡೆಕಿಗೆ ಆ ಪಾಠ ಕಷ್ಟವಾಗಿಯೇ ಇತ್ತು. ಆದರೂ ದೊಡ್ಡವರ ಪುಸ್ತಕಗಳನ್ನು ಅಂಜಿಕೆಯಿಲ್ಲದೆ ಓದಲು ಅದೇ ತಮಗೆ ನೆರವಾಯಿತೆಂದು ಮುಂದೆ ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಹುಡುಗ ಬಲು ಮಿತಭಾಷಿ. ತಪ್ಪು ತನ್ನದಲ್ಲದಿದ್ದರೂ ಸಮಜಾಯಿಷಿ ಹೇಳುವ ಸ್ವಭಾವ ಅವನದಲ್ಲ. ಹೇಳುವುದಿಲ್ಲ ಎಂಬ ಅರ್ಥ ಬರುವ ಅಡ್ಡಹೆಸರೇ ಅವನಿಗೆ ಬಿದ್ದಿತ್ತು. ಈ ಮೌನ ತಂದೆಗೆ ಅರ್ಥವಾಗಲಿಲ್ಲ. ಉಳಿದ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಇವನೊಬ್ಬನನ್ನು ವೃತ್ತಿಶಿಕ್ಷಣದ ಶಾಲೆಗೆ ಸೇರಿಸಿದರೆ ಸಾಕೆಂದು ಅವರು ಯೋಚಿಸಿದರು. ತಾಯಿ ಇದಕ್ಕೆ ಒಪ್ಪಲಿಲ್ಲ. ಮಕ್ಕಳಲ್ಲಿ ಭೇದವೆಣಿಸುವುದು ಆಕೆಗೆ ಸಮ್ಮತವಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರೂ ಹುಡುಗನ ಗಣಿತದ ಪ್ರತಿಭೆಯನ್ನು ತಂದೆಗೆ ಮನಗಾಣಿಸಿದರು. ಆ ಗಣಿತವಾದರೂ ಹೆಚ್ಚು ದಿನ ಹಿಡೆಕಿಯ ಮೆಚ್ಚಿನ ವಿಷಯವಾಗಿ ಉಳಿಯಲಿಲ್ಲ. ಮುಂದಿನ ಶಾಲೆಯಲ್ಲಿ ಒಮ್ಮೆ ರೇಖಾಗಣಿತದ ಪರೀಕ್ಷೆಯಲ್ಲಿ ಆತ ಸರಿಯಾದ ಸಾಧನೆಯನ್ನೇ ಬರೆದಿದ್ದ. ಆದರೆ ಅದು ಉಪಾಧ್ಯಾಯರು ತರಗತಿಯಲ್ಲಿ ಕಲಿಸಿದ ದಾರಿಯದಲ್ಲವೆಂದು ಅಂಕಗಳು ಕಡಿತವಾದುವು. ಅಂದಿನಿಂದ ಗಣಿತಜ್ಞನಾಗುವ ಆಸೆಯನ್ನು ಆತ ಬಿಟ್ಟ. ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲೇ ಬಾಳಿನ ಬಹುಭಾಗ ಕಳೆದ ನಾನು ಈ ಪ್ರಸಂಗವನ್ನು ಓದಿದಾಗಲೆಲ್ಲ ತುಸು ಅಳುಕುತ್ತೇನೆ.

ಗಣಿತವನ್ನು ತೊರೆದ ಹಿಡೆಕಿ ಭೌತವಿಜ್ಞಾನಕ್ಕೆ ಒಲಿದರು. ಕ್ಯೋಟೊದಲ್ಲಿ ಅವರ ಸಹಪಾಠಿಯಾಗಿದ್ದವರು ಸಿನ್-ಇಟಿರೊ ತೊಮೊನಾಗಾ. ಮುಂದೆ 1965ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಒಬ್ಬರು ಅವರೇ. ಯೂರೋಪಿನಲ್ಲಿ ಆಗಷ್ಟೇ ಕ್ವಾಂಟಮ್ ಬಲವಿಜ್ಞಾನ ಮೈದಳೆದಿತ್ತು. ಅದನ್ನು ಕ್ಯೋಟೊದಲ್ಲಿ ಕಲಿಸಬಲ್ಲ ಗುರುಗಳಿರಲಿಲ್ಲ. ಗೆಳೆಯರಿಬ್ಬರೂ ಜರ್ಮನಿಯಿಂದ ಬರುತ್ತಿದ್ದ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ತಾವೇ ಕಲಿತರು. 1929ರಲ್ಲಿ ಪದವಿ ಬಂದಿತು, ಕೆಲಸ ಬರಲಿಲ್ಲ. ಅದು ಜಗತ್ತಿಗೆಲ್ಲ ಮುಗ್ಗಟ್ಟಿನ ಕಾಲ. ಸಂಬಳವಿಲ್ಲದ ಸಹಾಯಕರಾಗಿ ಇಬ್ಬರೂ ವಿಶ್ವವಿದ್ಯಾಲಯದಲ್ಲೇ ಉಳಿದರು. 1932ರಲ್ಲಿ ಹಿಡೆಕಿಯವರಿಗೆ ಅಧ್ಯಾಪಕ ಹುದ್ದೆ ದೊರೆಯಿತು. ಅದೇ ವರ್ಷ ಒಸಾಕಾ ನಗರದ ವೈದ್ಯರೊಬ್ಬರ ಮಗಳು ಸುಮಿ ಅವರ ಕೈಹಿಡಿದು, ಜಪಾನಿನ ರೂಢಿಯಂತೆ ಮಾವನ ಮನೆತನಕ್ಕೆ ದತ್ತು ಸೇರಿ, ಒಗಾವಾ ಹೋಗಿ ಯುಕಾವಾ ಆದರು.

ಅವರನ್ನು ಕಾಡುತ್ತಿದ್ದ ಸಮಸ್ಯೆಯನ್ನು ಇಲ್ಲಿ ತಿಳಿದುಕೊಳ್ಳಬೇಕು. ಪರಮಾಣುವಿನ ನಡುವೆ ಅದರ ಬೀಜದಂತೆ ನ್ಯೂಕ್ಲಿಯಸ್ ಇದೆ. ಅದರಲ್ಲಿ ಪ್ರೋಟಾನುಗಳಿರುವಂತೆ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳೂ ಇವೆಯೆಂಬುದು 1932ರಲ್ಲಿ ಚಾಡ್ವಿಕ್ ಅವರ ಪ್ರಯೋಗದಿಂದ ತಿಳಿದುಬಂದಿತು. ಪ್ರೋಟಾನುಗಳೆಲ್ಲ ಧನವಿದ್ಯುತ್ತುಳ್ಳವು, ಆದುದರಿಂದ ಒಂದನ್ನೊಂದು ನೂಕುತ್ತವೆ. ಅಷ್ಟು ಇಕ್ಕಟ್ಟಿನಲ್ಲಿ ಆ ನೂಕಾಟ ಅತಿ ಪ್ರಬಲವಾಗಿರಬೇಕು. ಹಾಗಿದ್ದೂ ನ್ಯೂಕ್ಲಿಯಸ್ ಸಿಡಿದು ಚೂರಾಗುವುದಿಲ್ಲ. ಹಾಗಾದರೆ ವಿದ್ಯುದ್ಬಲವನ್ನು ಮೀರಿಸುವ ಮತ್ತೊಂದು ಬಲ ಅಲ್ಲಿ ಕೆಲಸ ಮಾಡುತ್ತಿರಬೇಕು. ವಿಚಿತ್ರವೆಂದರೆ ನ್ಯೂಕ್ಲಿಯಸ್ಸಿನಿಂದ ತುಸು ಹೊರಗೆ ಬಂದರೂ ಆ ಬಲದ ಸುಳಿವೇ ಇರುವುದಿಲ್ಲ. ಅದರ ಕೈಚಾಚು ಬಹಳ ಗಿಡ್ಡ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ ಎರಡು ಭಾಗಗಳಷ್ಟು ದೂರ ಮಾತ್ರ.

ಈ ಬಲ ಯಾವುದು? ಹೈಸೆನ್‌ಬರ್ಗ್ ಅಂಥ ಮಹಾವಿಜ್ಞಾನಿ ಪ್ರೋಟಾನು ನ್ಯೂಟ್ರಾನುಗಳ ನಡುವೆ ಇಲೆಕ್ಟ್ರಾನು ಅತ್ತಿತ್ತ ಓಡಾಡುತ್ತದೆಯೆಂಬ ಧಾಟಿಯಲ್ಲಿ ಉತ್ತರ ಹುಡುಕಿದ್ದರು. ಯುಕಾವಾ ಕೂಡ ಅದೇ ಜಾಡಿನಲ್ಲಿ ಎರಡು ವರ್ಷ ಅಲೆದರು. ಹಗಲು ಹೊಳೆದ ವಿಚಾರ ಸಂಜೆಗೆ ಬಿದ್ದುಹೋಗುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡು, ನಡುರಾತ್ರಿ ಎದ್ದು ಬರೆದು, ಬೆಳಿಗ್ಗೆ ನೋಡಿದರೆ ಅದು ಸತ್ವಹೀನವಾಗಿ ಕಾಣುತ್ತಿತ್ತು. 1933ರಲ್ಲಿ ಒಸಾಕಾ ವಿಶ್ವವಿದ್ಯಾಲಯಕ್ಕೆ ಬಂದ ಮೇಲೂ ಲೇಖನವೊಂದೂ ಹೊರಬೀಳಲಿಲ್ಲ. ವಿಭಾಗದ ಮುಖ್ಯಸ್ಥರಾದ ಹಿದೆತ್ಸುಗು ಯಾಗಿ, ಮನೆಯ ಚಾವಣಿಗಳ ಮೇಲೆ ಕಾಣುತ್ತಿದ್ದ ದೂರದರ್ಶನದ ಆಂಟೆನಾಕ್ಕೆ ಹೆಸರು ಕೊಟ್ಟವರು, ಈ ಸಾವಧಾನವನ್ನು ಕಂಡು ಗದರಿಸಿದ್ದೂ ಉಂಟು. 1934ರಲ್ಲಿ ಇಟಲಿಯ ಫರ್ಮಿ ಅವರ ಹೊಸ ಸಿದ್ಧಾಂತ ಬಂದಿತು. ಅದರ ನೆರವಿನಿಂದ ನ್ಯೂಕ್ಲಿಯಸ್ಸಿನ ಬಲವನ್ನು ವಿವರಿಸಬಹುದೇ ಎಂದು ರಷ್ಯದ ಇಬ್ಬರು ವಿಜ್ಞಾನಿಗಳು ಲೆಕ್ಕ ಮಾಡಿ ನೋಡಿದರು. ದೊರೆತ ಬಲ ತೀರ ಕ್ಷೀಣ. ಇದನ್ನು ಓದಿದ ಯುಕಾವಾ ಅವರಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ತಿಳಿದ ಕಣಗಳಲ್ಲಿ ಉತ್ತರವನ್ನು ಹುಡುಕುವುದೇ ತಪ್ಪೆಂಬುದು ಅವರಿಗೆ ಸ್ಪಷ್ಟವಾಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಭೀಕರ ಚಂಡಮಾರುತವೊಂದು ಒಸಾಕಾ ಪ್ರಾಂತವನ್ನು ಅಪ್ಪಳಿಸಿತು. ತಿಂಗಳ ಕೊನೆಯಲ್ಲಿ ಯುಕಾವಾ ದಂಪತಿಗಳಿಗೆ ಎರಡನೆಯ ಮಗ ಹುಟ್ಟಿದ. ಬಾಣಂತಿ ಮತ್ತು ಮಕ್ಕಳಿಗೆ ಅನುಕೂಲವಾಗಲೆಂದು ಯಜಮಾನರು ಹಿಂದಿನ ಪುಟ್ಟ ಕೋಣೆಯಲ್ಲಿ ಮಲಗುತ್ತಿದ್ದರು. ನಿದ್ರೆ ಸುಳಿಯುತ್ತಿರಲಿಲ್ಲ. ಅಕ್ಟೋಬರಿನ ಒಂದು ರಾತ್ರಿ ಹಾಗೆ ಮಲಗಿದ್ದಾಗ ಉತ್ತರ ಹೊಳೆಯಿತು. ಬಲದ ಹರವಿಗೂ ಆ ಬಲವನ್ನು ಹೊತ್ತು ತರುವ ಕಣದ ದ್ರವ್ಯರಾಶಿಗೂ ಸಂಬಂಧವಿರಬೇಕು. ಒಂದು ಕಿರಿದಾದಷ್ಟೂ ಇನ್ನೊಂದು ಹಿರಿದಾಗಬೇಕು.

ಈ ಮಾತು ಮೊದಲ ನೋಟಕ್ಕೆ ಒಗಟಿನಂತೆ ತೋರಬಹುದು. ಇಬ್ಬರು ಹುಡುಗರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆದಾಡುತ್ತ ಆಟದಲ್ಲಿ ಕಟ್ಟುಬಿದ್ದಿರುವಂತೆ, ಎರಡು ಕಣಗಳು ಮೂರನೆಯದೊಂದನ್ನು ಕೊಟ್ಟು ಕೊಂಡು ಒಂದನ್ನೊಂದು ಸೆಳೆದುಕೊಂಡಿರುತ್ತವೆ. ಆದರೆ ಈ ಮೂರನೆಯ ಕಣವನ್ನು ಹುಟ್ಟಿಸಲು ಶಕ್ತಿ ಬೇಕು. ದ್ರವ್ಯರಾಶಿ ಹೆಚ್ಚಿದಷ್ಟೂ ಬೇಕಾಗುವ ಶಕ್ತಿ ಹೆಚ್ಚು ಎಂಬುದು ಐನ್‌ಸ್ಟೀನರ ಸೂತ್ರ. ಆ ಶಕ್ತಿಯನ್ನು ನಿಸರ್ಗವು ಕೈಗಡವಾಗಿ ಕೊಡುತ್ತದೆ. ಕ್ವಾಂಟಮ್ ಬಲವಿಜ್ಞಾನದ ಕರಾರು ಬಲು ಬಿಗಿ: ಸಾಲ ದೊಡ್ಡದಾದಷ್ಟೂ ವಾಯಿದೆ ಚಿಕ್ಕದು. ಆ ವಾಯಿದೆಯೊಳಗೆ ಕಣ ಬೆಳಕಿನ ವೇಗದಲ್ಲೇ ಓಡಿದರೂ ಎಷ್ಟು ದೂರ ಹೋದೀತು? ಭಾರವಾದ ಕಣ ಹತ್ತಿರದಲ್ಲೇ ಸಾಲ ತೀರಿಸಿ ಅಳಿಯಬೇಕು. ವಿದ್ಯುದ್ಬಲವನ್ನು ಒಯ್ಯುವ ಬೆಳಕಿನ ಕಣಕ್ಕೆ ದ್ರವ್ಯರಾಶಿಯೇ ಇಲ್ಲ; ಆದ್ದರಿಂದ ಆ ಬಲಕ್ಕೆ ಎಲ್ಲೆಯೂ ಇಲ್ಲ. ನ್ಯೂಕ್ಲಿಯಸ್ಸಿನ ಬಲದ ಹರವು ತಿಳಿದಿತ್ತು. ಹರವಿನಿಂದ ದ್ರವ್ಯರಾಶಿಯನ್ನು ಲೆಕ್ಕ ಹಾಕಿದಾಗ ಇಲೆಕ್ಟ್ರಾನಿನ ಸುಮಾರು 200 ಪಾಲು ಎಂದು ಬಂದಿತು. ಪ್ರೋಟಾನಾದರೋ ಇಲೆಕ್ಟ್ರಾನಿನ 1836 ಪಾಲು. ಹೊಸ ಕಣ ಇವೆರಡರ ನಡುವಿನದು. ಇದುವರೆಗೆ ಅದೇಕೆ ಕಾಣಲಿಲ್ಲ? ಅದನ್ನು ಹುಟ್ಟಿಸಬಲ್ಲ ಶಕ್ತಿ ಅಂದಿನ ಪ್ರಯೋಗಶಾಲೆಗಳಲ್ಲಿರಲಿಲ್ಲ. ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಇದ್ದೀತು.

ಪತ್ನಿಯ ಒತ್ತಾಯದಿಂದ ಯುಕಾವಾ ಇದನ್ನು ಬೇಗನೆ ಇಂಗ್ಲಿಷಿನಲ್ಲಿ ಬರೆದು ಮುಗಿಸಿದರು. ನವೆಂಬರಿನಲ್ಲಿ ಟೋಕಿಯೋದ ಸಭೆಯಲ್ಲಿ ವಿಷಯವನ್ನು ಮಂಡಿಸಿದರು. 1935ರಲ್ಲಿ ಜಪಾನಿನ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಹೊರಜಗತ್ತಿನಲ್ಲಿ ಅದನ್ನು ಓದಿದವರು ವಿರಳ. ಓದಿ ನಂಬಿದವರು ಇನ್ನೂ ವಿರಳ. 1937ರಲ್ಲಿ ಜಪಾನಿಗೆ ಬಂದಿದ್ದ ನೀಲ್ಸ್ ಬೋರ್ ಕೂಡ, ಹೊಸ ಕಣಗಳನ್ನು ಕಲ್ಪಿಸುವ ಈ ಚಪಲವೇಕೆಂದು ಕೇಳಿದರಂತೆ. ಯುಕಾವಾ ಎದುರು ನುಡಿದುದಾಗಿ ಯಾರೂ ಹೇಳುವುದಿಲ್ಲ. ಅದೇ ವರ್ಷ ಅಮೆರಿಕದ ಆಂಡರ್ಸನ್ ಮತ್ತು ನೆಡರ್ಮೈಯರ್ ವಿಶ್ವಕಿರಣಗಳ ಜಾಡುಗಳಲ್ಲಿ ಇಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಕಣವೊಂದನ್ನು ಕಂಡರು. ದ್ರವ್ಯರಾಶಿ ಯುಕಾವಾ ಹೇಳಿದುದಕ್ಕೆ ಹತ್ತಿರದಲ್ಲೇ ಇತ್ತು. ಮರೆತಿದ್ದ ಲೇಖನವನ್ನು ಎಲ್ಲರೂ ಹುಡುಕಿ ತೆಗೆದರು.

ಹೊಸ ಕಣಕ್ಕೆ ಮೆಸೊಟ್ರಾನ್ ಎಂದು ಹೆಸರಿಟ್ಟಿದ್ದರು. ನಡುವಿನದು ಎಂಬರ್ಥದ ಗ್ರೀಕ್ ಮೂಲದಲ್ಲಿ ಟ್ರಕಾರಕ್ಕೆ ಎಡೆಯಿಲ್ಲವೆಂದು ತೋರಿಸಿ, ಮೆಸಾನ್ ಎಂಬ ಚೊಕ್ಕ ರೂಪವನ್ನು 1939ರಲ್ಲಿ ಮುಂದಿಟ್ಟವರು ನಮ್ಮ ಹೋಮಿ ಭಾಭಾ. ಆ ವರ್ಷವೇ ಯುದ್ಧ ಸಿಡಿಯಿತು. ರಜೆಯಲ್ಲಿ ಭಾರತಕ್ಕೆ ಬಂದ ಭಾಭಾ ಕೇಂಬ್ರಿಜ್‌ಗೆ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ಅಲ್ಲಿ ವಿಶ್ವಕಿರಣಗಳ ಸಂಶೋಧನ ಘಟಕವನ್ನು ಕಟ್ಟಿ, ಮೆಸಾನುಗಳ ಅಧ್ಯಯನವನ್ನು ಮುಂದುವರಿಸಿದರು. ಸಾಲ್ವೆ ಸಮ್ಮೇಳನಕ್ಕೆಂದು ಮೊದಲ ಬಾರಿ ಯೂರೋಪಿಗೆ ಬಂದಿದ್ದ ಯುಕಾವಾ, ಸಮ್ಮೇಳನ ನಡೆಯದೆ, ಅಮೆರಿಕದ ಮಾರ್ಗವಾಗಿ ಊರಿಗೆ ಹಿಂದಿರುಗಿದರು. ಇದೇ ವೇಳೆಗೆ ಕಲ್ಕತ್ತೆಯ ದೇಬೇಂದ್ರ ಮೋಹನ ಬೋಸ್ ಮತ್ತು ಅವರ ವಿದ್ಯಾರ್ಥಿನಿ ವಿಭಾ ಚೌಧುರಿ ಹಿಮಾಲಯದ ಎತ್ತರಗಳಲ್ಲಿ ಛಾಯಾಚಿತ್ರದ ಫಲಕಗಳನ್ನಿರಿಸಿ ಮೆಸಾನುಗಳ ಜಾಡನ್ನು ಹಿಡಿಯುತ್ತಿದ್ದರು. ಉತ್ತಮ ದರ್ಜೆಯ ಫಲಕಗಳು ಯುದ್ಧಕಾಲದಲ್ಲಿ ದೊರೆಯದೆ ಅವರ ಕೆಲಸ ಅರ್ಧಕ್ಕೆ ನಿಂತಿತು. ದೊರೆತಿದ್ದರೆ ಏನಾಗುತ್ತಿತ್ತೋ ಎಂದು ನಾವು ಮರುಗುವುದು ಸಹಜ.

ಏಕೆಂದರೆ ಅಮೆರಿಕದಲ್ಲಿ ಕಂಡದ್ದು ಯುಕಾವಾ ಅವರ ಕಣವಾಗಿರಲಿಲ್ಲ! ನ್ಯೂಕ್ಲಿಯಸ್ಸನ್ನು ಬಿಗಿಯುವ ಕಣ ನ್ಯೂಕ್ಲಿಯಸ್ಸನ್ನು ಕಂಡೊಡನೆ ಅದರಲ್ಲಿ ಬೆರೆಯಬೇಕು. ಈ ಮೆಸಾನಾದರೋ ಯಾವ ಹಂಗೂ ಇಲ್ಲದೆ ದಪ್ಪ ಸೀಸದ ಹಲಗೆಗಳನ್ನು ತೂರಿ ಹೋಗುತ್ತಿತ್ತು. ಮೆಸಾನುಗಳು ಎರಡು ಬಗೆಯವಿರಬೇಕೆಂದು ಯುಕಾವಾ ಅವರ ಸಹೋದ್ಯೋಗಿ ಸಕಾಟಾ ಮತ್ತು ಇನೌಯೆ ಯುದ್ಧದ ನಡುವೆಯೇ ಸೂಚಿಸಿದ್ದರು. ಆ ಮಾತು ಜಪಾನನ್ನು ದಾಟಲಿಲ್ಲ. ರೋಮಿನ ಮೂವರು ತರುಣರು ನಡೆಸಿದ ಪ್ರಯೋಗದಿಂದ ಸಂದೇಹ ಖಚಿತವಾಯಿತು. ಕೊನೆಗೆ 1947ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪೊವೆಲ್, ಒಕ್ಯಾಲಿನಿ, ಲಾಟೆಸ್ ಮೊದಲಾದವರು ಪಿರನೀಸ್ ಮತ್ತು ಆಂಡೀಸ್ ಪರ್ವತಗಳ ಮೇಲೆ ಫಲಕಗಳನ್ನಿಟ್ಟು ನಿಜವಾದ ಕಣವನ್ನು ಕಂಡರು. ಅದಕ್ಕೆ ಪೈ ಮೆಸಾನ್ ಅಥವಾ ಪಯಾನ್ ಎಂದು ಹೆಸರಾಯಿತು. ದ್ರವ್ಯರಾಶಿ ಇಲೆಕ್ಟ್ರಾನಿನ 273 ಪಾಲು. ಹಳೆಯದು ಮ್ಯುಯಾನ್, 207 ಪಾಲು. ಕಾಗದದ ಮೇಲಿನ ಅಂದಾಜು 200. ಕಾಣದುದನ್ನು ತೂಗಿದ ಲೆಕ್ಕಕ್ಕೆ ಇದು ದೊಡ್ಡ ಅಂತರವೇನಲ್ಲ.

1949ರ ನೊಬೆಲ್ ಪಾರಿತೋಷಕ ಯುಕಾವಾ ಅವರಿಗೆ ಬಂದಿತು. ಜಪಾನಿಗೆ ಅದೇ ಮೊದಲನೆಯದು. ಯುದ್ಧದಲ್ಲಿ ಸೋತು, ನಗರಗಳು ಸುಟ್ಟು, ಪರರ ಆಡಳಿತದಲ್ಲಿದ್ದ ದೇಶ ಅದು. ಪ್ರಯೋಗಶಾಲೆಗಳ ಸೈಕ್ಲೊಟ್ರಾನ್ ಯಂತ್ರಗಳನ್ನು ಕೂಡ ಗೆದ್ದ ಸೈನ್ಯ 1945ರಲ್ಲಿ ಒಡೆದು ಹಾಕಿತ್ತು. ಕಾಗದ ಮತ್ತು ಸೀಸದಕಡ್ಡಿಗಳಿಂದ ದೊರೆತ ಈ ಗೌರವ ಆ ಜನಕ್ಕೆ ಎಂಥ ಸಮಾಧಾನ ತಂದಿರಬೇಕೆಂಬುದನ್ನು ಊಹಿಸಬಹುದು. ಆಗ ಅಮೆರಿಕದಲ್ಲಿದ್ದ ಯುಕಾವಾ 1953ರಲ್ಲಿ ಕ್ಯೋಟೊಗೆ ಹಿಂದಿರುಗಿ, ತಮಗಾಗಿಯೇ ಸ್ಥಾಪಿತವಾದ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು.

ಪರಮಾಣುವಿನ ಬೀಜವನ್ನು ಅರಿಯಹೊರಟವರ ಮುಂದೆ ಹಿರೋಶಿಮಾ ಮತ್ತು ನಾಗಸಾಕಿಗಳು ಬಂದು ನಿಂತವು. ಯುಕಾವಾ ಅವರ ಪಾಲಿಗೆ ಅದು ಹೊರಗಿನ ಸಂಗತಿಯಾಗಿರಲಿಲ್ಲ. ಕ್ಯೋಟೊದಲ್ಲಿ ನೌಕಾಪಡೆಗಾಗಿ ನಡೆದಿದ್ದ ಪರಮಾಣು ಸಂಶೋಧನೆಯ ಸಭೆಗಳಲ್ಲಿ ಅವರೂ ಇದ್ದರೆಂಬುದು 2017ರಲ್ಲಿ ಬಹಿರಂಗವಾದ ಅವರ 1945ರ ದಿನಚರಿಯಿಂದ ತಿಳಿಯುತ್ತದೆ. ಆ ಪ್ರಯತ್ನ ಬಹಳ ದೂರ ಸಾಗಲಿಲ್ಲ. 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೊಜನ್ ಬಾಂಬಿನ ಬೂದಿ ಜಪಾನಿನ ಬೆಸ್ತರ ದೋಣಿಯೊಂದರ ಮೇಲೆ ಬಿದ್ದ ಬಳಿಕ, ಮಾತನಾಡದ ಹುಡುಗನೆನಿಸಿದ್ದ ಯುಕಾವಾ ಮಾತನಾಡತೊಡಗಿದರು. 1955ರಲ್ಲಿ ರಸೆಲ್ ಮತ್ತು ಐನ್‌ಸ್ಟೀನ್ ಹೊರಡಿಸಿದ ಮನವಿಗೆ ಸಹಿ ಹಾಕಿದ ಹನ್ನೊಂದು ಮಂದಿಯಲ್ಲಿ ಅವರೊಬ್ಬರು. 1957ರಲ್ಲಿ ಕೆನಡದ ಪಗ್‌ವಾಷ್ ಹಳ್ಳಿಯಲ್ಲಿ ವಿಜ್ಞಾನಿಗಳ ಮೊದಲ ಶಾಂತಿಸಭೆ ಸೇರಿದಾಗ ಹಳೆಯ ಸಹಪಾಠಿ ತೊಮೊನಾಗಾ ಅವರೊಡನೆ ಅಲ್ಲಿದ್ದರು. 1975ರಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಕ್ಯೋಟೊದ ಸಭೆಗೆ ಬಂದರು.

ಅವರ ಕಣದ ಕಥೆ ಈ ನಡುವೆ ಹೊಸ ತಿರುವು ಪಡೆದಿತ್ತು. ಪ್ರೋಟಾನು, ನ್ಯೂಟ್ರಾನು, ಪಯಾನುಗಳು ಮೂಲಕಣಗಳಲ್ಲವೆಂದೂ, ಕ್ವಾರ್ಕ್ ಎಂಬ ಇನ್ನೂ ಸೂಕ್ಷ್ಮವಾದ ಕಣಗಳಿಂದ ಆದವೆಂದೂ 1964ರಲ್ಲಿ ಗೆಲ್-ಮನ್ ಮತ್ತು ಜ್ವೈಗ್ ಬೇರೆ ಬೇರೆಯಾಗಿ ಸೂಚಿಸಿದರು. ಪ್ರೋಟಾನಿನಲ್ಲಿ ಮೂರು ಕ್ವಾರ್ಕುಗಳು. ಪಯಾನಿನಲ್ಲಿ ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು. ಅವುಗಳನ್ನು ಅಂಟಿಸುವ ಕಣಗಳೇ ಗ್ಲುವಾನುಗಳು. ಇವುಗಳ ಸುಳಿವು 1979ರಲ್ಲಿ ಹ್ಯಾಂಬರ್ಗಿನ ಪ್ರಯೋಗಶಾಲೆಯಲ್ಲಿ ದೊರೆಯಿತು. ಗ್ಲುವಾನಿಗೆ ದ್ರವ್ಯರಾಶಿಯಿಲ್ಲ. ಯುಕಾವಾ ಅವರ ನಿಯಮದಂತೆ ಅದರ ಬಲಕ್ಕೆ ಎಲ್ಲೆಯಿರಬಾರದು. ಆದರೆ ಬೆಳಕಿನ ಕಣಕ್ಕಿಲ್ಲದ ಒಂದು ಗುಣ ಗ್ಲುವಾನಿಗಿದೆ: ಅವು ತಮ್ಮತಮ್ಮಲ್ಲೇ ಒಂದನ್ನೊಂದು ಹಿಡಿದೆಳೆಯುತ್ತವೆ. ಕ್ವಾರ್ಕುಗಳನ್ನು ಬೇರ್ಪಡಿಸಲು ಎಳೆದಷ್ಟೂ ಆ ಹಿಡಿತ ಬಿಡುವುದಿಲ್ಲ. ಹೀಗಾಗಿ ಕ್ವಾರ್ಕಾಗಲಿ ಗ್ಲುವಾನಾಗಲಿ ಒಂಟಿಯಾಗಿ ಹೊರಬೀಳದು. ಪ್ರೋಟಾನಿನಿಂದ ಪ್ರೋಟಾನಿಗೆ ದಾಟಿ ಹೋಗಬಲ್ಲುದು ಇಡಿಯ ಪಯಾನು ಮಾತ್ರ. ನ್ಯೂಕ್ಲಿಯಸ್ಸಿನ ಅಂಚಿನಲ್ಲಿ 1934ರ ಲೆಕ್ಕ ಇಂದಿಗೂ ಸಲ್ಲುವುದು ಹೀಗೆ.

ಕ್ವಾರ್ಕುಗಳು ಒಂಟಿಯಾಗಿ ಸಿಗುವುದಿಲ್ಲವಾದ ಕಾರಣ ಅವುಗಳ ದ್ರವ್ಯರಾಶಿಯನ್ನೂ ಲೆಕ್ಕದಿಂದಲೇ ಪಡೆಯಬೇಕು. ಪ್ರೋಟಾನಿನಲ್ಲಿರುವ ಅಪ್ ಕ್ವಾರ್ಕಿನದು ಇಲೆಕ್ಟ್ರಾನಿನ ಸುಮಾರು 4 ಪಾಲು, ಡೌನ್ ಕ್ವಾರ್ಕಿನದು ಸುಮಾರು 9 ಪಾಲು. ಎರಡು ಅಪ್, ಒಂದು ಡೌನ್ ಕೂಡಿದರೆ ಒಟ್ಟು 17 ಪಾಲು. ಪ್ರೋಟಾನಿನದು 1836! ಉಳಿದುದೆಲ್ಲಿಂದ ಬಂತು? ಕ್ವಾರ್ಕುಗಳ ಓಡಾಟದಿಂದ, ಅವುಗಳನ್ನು ಬಿಗಿದಿರುವ ಗ್ಲುವಾನುಗಳ ಶಕ್ತಿಯಿಂದ. ನಮ್ಮ ಮೈಭಾರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೀಗೆ ಸೆರೆಯಾದ ಶಕ್ತಿಯೇ ಆಗಿದೆ. ಪಯಾನು ಮಾತ್ರ ತನ್ನ ಬಳಗದಲ್ಲಿ ಅಷ್ಟು ಹಗುರವೇಕೆಂಬುದನ್ನು ವಿವರಿಸಿದವರು ಜಪಾನಿನಲ್ಲೇ ಹುಟ್ಟಿದ ಯೊಯಿಚಿರೊ ನಂಬು. ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು.

ಯುಕಾವಾ 1981ರ ಸೆಪ್ಟೆಂಬರ್ 8ರಂದು ಕ್ಯೋಟೊದಲ್ಲಿ ತೀರಿಕೊಂಡರು. ಅವರ ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಕ್ವಾರ್ಕುಗಳಿಗೆ ತಮ್ಮದೇ ಆದ ಅಲ್ಪ ದ್ರವ್ಯರಾಶಿ ಹಿಗ್ಸ್ ಎಂಬ ಕ್ಷೇತ್ರದೊಡನೆ ಬೆಸೆದುಕೊಳ್ಳುವುದರಿಂದ ಬರುತ್ತದೆ. ಕಣವೂ ಕ್ಷೇತ್ರವೂ ಕೂಡುವ ಆ ಬೆಸುಗೆಯ ಸೂತ್ರ 1935ರ ಲೇಖನದಿಂದ ಹುಟ್ಟಿದ್ದು. ಆದ್ದರಿಂದ ಭೌತವಿಜ್ಞಾನಿಗಳು ಅದನ್ನು ಯುಕಾವಾ ಬೆಸುಗೆಯೆಂದೇ ಕರೆಯುತ್ತಾರೆ. ಬೆಸುಗೆ ಬಿಗಿಯಾದಷ್ಟೂ ಕ್ವಾರ್ಕು ಭಾರ. 1995ರಲ್ಲಿ ಅಮೆರಿಕದಲ್ಲಿ ಕಂಡ ಟಾಪ್ ಕ್ವಾರ್ಕಿನ ದ್ರವ್ಯರಾಶಿ ಇಲೆಕ್ಟ್ರಾನಿನ ಮೂರು ಲಕ್ಷ ಪಾಲಿಗೂ ಮಿಗಿಲು. ಹಿಗ್ಸ್ ಕಣ ಜಿನೀವಾದ ಬಳಿ 2012ರಲ್ಲಿ ಪತ್ತೆಯಾಯಿತು. ಟಾಪ್ ಕ್ವಾರ್ಕಿನೊಡನೆ ಅದರ ಬೆಸುಗೆಯನ್ನು 2018ರಲ್ಲಿ ಅಲ್ಲಿಯೇ ನೇರವಾಗಿ ಕಂಡರು. ಒಂದು ಕ್ವಾರ್ಕಿಗೆ 4 ಪಾಲು, ಮತ್ತೊಂದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಏಕೆ ಎಂಬುದಕ್ಕೆ ಮಾತ್ರ ಯಾವ ಸಿದ್ಧಾಂತವೂ ಇನ್ನೂ ಉತ್ತರ ಹೇಳಿಲ್ಲ.